ಕೆಳಗಿನ ಮನೆಯ ವಿಮೆ

2025ರ ಏಪ್ರಿಲ್ 12, ಶನಿವಾರ, ಬೆಳಗ್ಗೆ ಹತ್ತೂ ನಲವತ್ತು. ಸರ್ವಮಂಗಳಾ ಸಾರಕ್ಕಿ ಕೆರೆಯ ತಗ್ಗಿನಲ್ಲಿದ್ದ ತಮ್ಮ ಕಟ್ಟಡದ ಕೆಳಗಿನ ಮನೆಯನ್ನು ವಿಮಾ ಕಂಪನಿಯ ಸರ್ವೇಯರ್ ಕೈಲಾಸ್‌ಗೆ ತೋರಿಸುತ್ತಿದ್ದರು.

"ಹಿಂದೆ ಯಾವಾಗಾದ್ರೂ ಮಳೆನೀರು ಒಳಗೆ ಬಂದಿತ್ತಾ ಮೇಡಂ?"

"ಇಲ್ಲ," ಎಂದರು ಸರ್ವಮಂಗಳಾ.

ಇಷ್ಟು ಸಲೀಸಾಗಿ ಬಾಯಿಗೆ ಬಂತಲ್ಲ ಎಂದು ಅವರಿಗೇ ದಿಗಿಲಾಯಿತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಪ್ರಯೋಗದಲ್ಲಿ ಬಂದ ಅಂಕಿಯನ್ನು ತಿದ್ದಿದ ಹುಡುಗರನ್ನು ಲ್ಯಾಬಿನಿಂದ ಆಚೆ ಕಳಿಸಿದವರು. ಆದರೆ ಎರಡು ಕಂಪನಿಗಳ ಹತ್ತಿರ ನಿಜ ಹೇಳಿ ನೋಡಿಯಾಗಿತ್ತು. ಕಳೆದ ಅಕ್ಟೋಬರಿನಲ್ಲಿ ರಾಜಕಾಲುವೆ ಉಕ್ಕಿ ನೀರು ನುಗ್ಗಿತ್ತು ಎಂದ ಕೂಡಲೇ, ಬೆಂಕಿಗೆ, ಭೂಕಂಪಕ್ಕೆ ವಿಮೆ ಕೊಡುತ್ತೇವೆ, ನೆರೆಗೆ ಮಾತ್ರ ಆಗುವುದಿಲ್ಲ ಎಂದಿದ್ದರು. ಕೆರೆಯ ಪಕ್ಕ ಕೂತು ಭೂಕಂಪದ ವಿಮೆ ಕಟ್ಟಿ ಏನು ಮಾಡುವುದು?

ಕೈಲಾಸ್ ಗೋಡೆಯನ್ನು ತಟ್ಟಿ ನೋಡಿದ. ಆಮೇಲೆ ಹೊಲಿಗೆ ಮಷೀನಿನ ಮುಂದಿದ್ದ ಪದ್ಮಶ್ರೀಯ ಕಡೆ ತಿರುಗಿದ. "ನೀವು ಹೇಳಿ ಅಕ್ಕ, ಇಲ್ಲಿ ಇರೋರು ನೀವೇ ಅಲ್ವಾ?"

ಪದ್ಮಶ್ರೀ ಜನವರಿಯಲ್ಲಿ ಭೋಗ್ಯಕ್ಕೆ ಬಂದವಳು. ಬರುವ ಮುಂಚೆ ಅವಳೂ ಇದನ್ನೇ ಕೇಳಿದ್ದಳು. ಅವಳಿಗೂ ಇಲ್ಲವೆಂದೇ ಹೇಳಿದ್ದರು. ಬಾಡಿಗೆಯ ಬದಲು ಅವಳು ಒಟ್ಟಿಗೆ ಕೊಟ್ಟ ದುಡ್ಡು ಮೇಲಿನ ಮನೆಯ ರಿಪೇರಿಗೆ ಕರಗಿತ್ತು. ಅವಳು ಹೊರಟರೆ ಅದನ್ನು ವಾಪಸು ಕೊಡಬೇಕು.

"ನೀರಾ? ಇಲ್ಲಪ್ಪ," ಎಂದಳು, ದಾರವನ್ನು ಹಲ್ಲಿನಿಂದ ಕತ್ತರಿಸುತ್ತ. "ಬರೋಕ್ಮುಂಚೇನೇ ಆಂಟಿನ ಕೇಳ್ಕೊಂಡಿದ್ದೆ. ನಮ್ಮನೆಯವರು ಏನಾದ್ರೂ ಹೇಳಿದ್ರೆ ನಾನು ಇನ್ನಿಬ್ಬರ ಹತ್ರ ವಿಚಾರಿಸ್ತೀನಿ. ಆಂಟಿ ಮಾತಿಗೆ ಅದೆಲ್ಲ ಬೇಕಾಗಿಲ್ಲ."

ಕೈಲಾಸ್ ನಕ್ಕ. "ಇಂಥ ಸಾಕ್ಷಿ ಎಲ್ಲಿ ಸಿಗ್ತಾರೆ ಮೇಡಂ. ಮಂಗಳವಾರ ಪಾಲಿಸಿ ಬರುತ್ತೆ."

ಅವನ ಬೈಕಿನ ಸದ್ದು ತಿರುವಿನಲ್ಲಿ ಅಡಗಿತು. ನಿರಾಳವಾಗಬೇಕಿದ್ದ ಸರ್ವಮಂಗಳಾ ಕೋಣೆಯ ನೆಲವನ್ನೇ ನೋಡಿದರು. ಮದುವೆ ಬ್ಲೌಸುಗಳ ಗಂಟು, ಇಸ್ತ್ರಿ ಪೆಟ್ಟಿಗೆ, ಮಡಿಸಿಟ್ಟ ಹಾಸಿಗೆ, ಎಲ್ಲವೂ ನೆಲದ ಮೇಲೇ ಇದ್ದವು.

"ಆಂಟಿ, ಇನ್ಶೂರೆನ್ಸಲ್ಲಿ ನನ್ನ ಮಷೀನೂ ಸೇರುತ್ತಾ?"

"ಇಲ್ಲಮ್ಮ. ಕಟ್ಟಡಕ್ಕೆ ಮಾತ್ರ."

"ಹೋಗ್ಲಿ ಬಿಡಿ. ನೀರೇ ಬರಲ್ವಲ್ಲ, ನನಗ್ಯಾಕೆ." ಅವಳು ಪೆಡಲ್ ಒತ್ತಿದಳು. ಹೊಲಿಗೆ ಸರಸರ ಓಡಿತು.

ಸುಮ್ಮನೆ ಮೇಲೆ ಹೋಗಿಬಿಡಬಹುದಿತ್ತು. ಸರ್ವಮಂಗಳಾ ಬಾಗಿಲವರೆಗೆ ಹೋದರು, ಹೊಸಿಲ ಮೇಲೆ ಒಂದು ಕಾಲಿಟ್ಟರು, ಅಲ್ಲಿಂದ ಮುಂದೆ ಆಗಲಿಲ್ಲ.

"ಪದ್ಮಾ, ಮಷೀನ್ ನಿಲ್ಸು."

ಅವಳು ನಿಲ್ಲಿಸಿದಳು.

"ಕಳೆದ ಅಕ್ಟೋಬರಲ್ಲಿ ನೀರು ಬಂದಿತ್ತು. ನಿನಗೆ ಸುಳ್ಳು ಹೇಳ್ದೆ. ಇವತ್ತು ನಿನ್ನ ಬಾಯಲ್ಲೂ ಹೇಳಿಸ್ದೆ. ಆ ಹುಡುಗನಿಗೆ ಈಗಲೇ ಫೋನ್ ಮಾಡ್ತೀನಿ. ಅದಕ್ಕೆ ಮುಂಚೆ ನಿನಗೆ ಗೊತ್ತಾಗ್ಬೇಕಿತ್ತು."

ಅವರ ಮುಖವನ್ನು ಪದ್ಮಶ್ರೀ ನೋಡಲಿಲ್ಲ. ಬ್ಲೌಸುಗಳ ಗಂಟನ್ನು ನೆಲದಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಎಷ್ಟು ಬಂದಿತ್ತು?" ಈ ಸಲ ಆಂಟಿ ಎನ್ನಲಿಲ್ಲ.

ನೀರು ಇಳಿದ ದಿನವೇ ಸರ್ವಮಂಗಳಾ ಟೇಪು ಹಿಡಿದು ಅಳೆದಿದ್ದರು.

"ನೆಲದಿಂದ ಅರವತ್ತೆರಡು ಸೆಂಟಿಮೀಟರ್."