ವಾರಕ್ಕೆ ಎಷ್ಟು ರಾತ್ರಿ

ಕಾನೂನು ಬಲ್ಲವರು ಮನ್ನಿಸಬೇಕು. ಗಂಡ ಹೆಂಡಿರು ಬೇರೆಯಾಗುವ ಸಂಗತಿಯನ್ನು ಹೊರಗಿನವರು ಹೇಳಹೊರಟರೆ ಎಲ್ಲೋ ಒಂದು ಕಡೆ ತಪ್ಪುವುದು ಖಂಡಿತ. ಗೊತ್ತಿಲ್ಲದೆ ಒಬ್ಬರ ಪರ ವಾಲಿಬಿಡುವ ಭಯವೂ ಇದೆ. ಆದರೂ ಆ ಬ್ರೆಡ್ ಮಾಡುವವನ ವಿಷಯ ಹೇಳದೆ ಬಿಟ್ಟರೆ ಅದೂ ತಪ್ಪೇ ಅನ್ನಿಸುತ್ತದೆ.

ಅವನು ಹನ್ನೊಂದು ವರ್ಷದಿಂದ ಬೇಕರಿಯಲ್ಲಿ ರಾತ್ರಿ ಪಾಳಿಯವನು. ಊರು ಮಲಗುವ ಹೊತ್ತಿಗೆ ಹಿಟ್ಟು ನಾದಲು ನಿಂತರೆ, ಬ್ರೆಡ್ಡು ವ್ಯಾನಿಗೆ ಏರಿದ ಮೇಲೆಯೇ ಕೈ ತೊಳೆಯುವುದು. ಹೆಂಡತಿ ಹಲ್ಲಿನ ಡಾಕ್ಟರ ಬಳಿ ರೋಗಿಗಳ ಸರದಿ ಬರೆದುಕೊಳ್ಳುವವಳು, ಹಗಲು ಕೆಲಸ. ಒಂದೇ ಮಂಚವನ್ನು ಇಬ್ಬರೂ ಪಾಳಿಯ ಮೇಲೆ ಬಳಸಿದಂತಿತ್ತು ಅವರ ಸಂಸಾರ. ಜಗಳವಾಡಲೂ ಪುರುಸೊತ್ತಿರಲಿಲ್ಲ; ಮಾತು ತಾನಾಗಿಯೇ ಆರಿಹೋಯಿತು. ಹೋದ ವರ್ಷ ಅವನು ಎರಡು ಬೀದಿ ಆಚೆ ಒಂದು ಕೋಣೆ ಹಿಡಿದ. ಎಂಟು ವರ್ಷದ ಮಗಳು, ಅವನ ಬಾಯಲ್ಲಿ ‘ಮಿಡತೆ’, ತಾಯಿಯ ಜೊತೆ ಉಳಿದಳು.

ಈಗ ವಿಚ್ಛೇದನದ ಕಾಗದಗಳು. ಕೋರ್ಟಿಗೆ ಹೋಗುವ ಮೊದಲು ರಾಜಿ ಕಚೇರಿಯಲ್ಲಿ ಒಂದು ಫಾರಂ ತುಂಬಬೇಕಿತ್ತು. ಅದರ ಏಳನೇ ಪ್ರಶ್ನೆ ಅವನ ನೆಮ್ಮದಿ ಕೆಡಿಸಿತ್ತು: ಮಗು ವಾರಕ್ಕೆ ಎಷ್ಟು ರಾತ್ರಿ ನಿಮ್ಮ ಮನೆಯಲ್ಲಿ ಮಲಗುತ್ತದೆ? ಎಲ್ಲವೂ ಅದರ ಮೇಲೆಯೇ ನಿಂತಿತ್ತು. ರಾತ್ರಿ ಹೆಚ್ಚಾದಷ್ಟೂ ಅವನು ಮಗಳ ಖರ್ಚಿಗೆ ಕೊಡಬೇಕಾದ ಹಣ ಕಡಿಮೆ. ಅವಳ ಶಾಲೆ, ಔಷಧಿಯ ವಿಷಯದಲ್ಲಿ ಅವನ ಮಾತಿಗೆ ತೂಕವೂ ಹೆಚ್ಚು. ಒಂದೂ ಇಲ್ಲವೆಂದರೆ ಕಾಗದದಲ್ಲಿ ಅವನು ‘ಭೇಟಿಗೆ ಬರುವವರು’. ತಿಂಗಳಿಗೆ ಎರಡು ಭಾನುವಾರ. ಹಣದ ಮಾತು ಅಷ್ಟು ಚುಚ್ಚಲಿಲ್ಲ. ಚುಚ್ಚಿದ್ದು ಭೇಟಿಗೆ ಬರುವವರು ಎಂಬ ಮಾತು.

“ಮೂರು ಅಂತ ಬರಿಯೋ,” ಅಂದಿದ್ದ ಬೇಕರಿಯಲ್ಲಿ ಎಲ್ಲರೂ ಮಾಮ ಎಂದು ಕರೆಯುವ ಹಿರಿಯ, ಒಲೆಯಿಂದ ತಟ್ಟೆ ಎಳೆಯುತ್ತ. “ಯಾರು ಬಂದು ನಿನ್ನ ಹಾಸಿಗೆ ಎತ್ತಿ ನೋಡ್ತಾರೆ?”

“ಅವಳಿಗೆ ಗೊತ್ತಲ್ಲ ಮಾಮ.”

“ಅವಳೂ ತನಗೆ ಬೇಕಾದ್ದು ಬರೀತಾಳೆ ಬಿಡು. ಸತ್ಯವಂತ ನೀನೊಬ್ಬನೇ ಉಳಿದಿರೋದು ನೋಡು! ಹೋದ ವಾರ ಸೀದುಹೋದ ಬನ್ನನ್ನ ಓನರಿಗೆ ‘ಹೊಸ ನಮೂನೆ’ ಅಂದೋನು ಯಾರು?”

ಬುಧವಾರ ಹಗಲು ನಿದ್ದೆ ಬಿಟ್ಟು ಕಚೇರಿಗೆ ಬಂದ. ಗಂಡ ಹೆಂಡತಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಒಳಗೆ ಕರೆದ ಅಧಿಕಾರಿ ಸಣ್ಣ ದನಿಯ ಹೆಂಗಸು; ತಲೆ ಎತ್ತದೆ ಕೇಳುತ್ತ ಹೋದರು.

“ತಂದೆ ಮನೆಯಲ್ಲಿ ರಾತ್ರಿ ಎಷ್ಟು?”

“ಮೂರು,” ಅಂದ. ದನಿ ಬೇರೆ ಯಾರದೋ ಅನ್ನಿಸಿತು.

ಹೆಂಡತಿ ತಿರುಗಿ ನೋಡಿದಳು. ಅವಳು ಕೂಗಾಡಿದ್ದರೆ ಅವನು ಸುಳ್ಳಿಗೇ ಅಂಟಿಕೊಳ್ಳುತ್ತಿದ್ದನೋ ಏನೋ. ಅವಳು ಸುಮ್ಮನಿದ್ದುದನ್ನು ತಡೆದುಕೊಳ್ಳಲಾಗಲಿಲ್ಲ.

“ಬರೀಬೇಡಿ ಮೇಡಂ. ಒಂದೂ ಇಲ್ಲ. ರಾತ್ರಿ ನಾನು ಕೆಲಸದಲ್ಲಿರ್ತೀನಿ.”

“ಸೊನ್ನೆ?”

“ಸೊನ್ನೆ.”

ಸೊನ್ನೆ ಬಿತ್ತು. ಕೆಳಗಿನ ‘ಭೇಟಿ’ ಎಂಬ ಚೌಕದತ್ತ ಪೆನ್ನು ಇಳಿಯಿತು. ಅವನು ತಲೆ ತಗ್ಗಿಸಿ ಉಗುರಿನ ಸಂದಿನ ಹಿಟ್ಟು ಕೆರೆಯತೊಡಗಿದ.

“ಸ್ವಲ್ಪ ಇರಿ ಮೇಡಂ,” ಎಂದಳು ಹೆಂಡತಿ. “ಮಲಗಿರೋ ಮಗೂಗೆ ಹೊದಿಕೆ ಹೊದಿಸೋದು ಬಿಟ್ರೆ ಇನ್ನೇನು ಕೆಲಸ? ಎದ್ದಿರೋವಾಗ ಯಾರ ಹತ್ರ ಇರ್ತಾಳೆ ಅಂತ ಕೇಳಿ.”

“ಅದಕ್ಕೆ ಕಾಲಂ ಇಲ್ಲಮ್ಮ.”

“ಹಾಗಾದ್ರೆ ಒಂದು ಹಾಳೆ ಕೊಡಿ.”

ಅಧಿಕಾರಿ ಈಗ ತಲೆ ಎತ್ತಿದರು. “ಯೋಚನೆ ಮಾಡಿ. ಅವರ ಪಾಲು ಜಾಸ್ತಿ ಆದ್ರೆ ನಿಮಗೆ ಬರೋ ಹಣ ಕಡಿಮೆ ಆಗಬಹುದು.”

“ಗೊತ್ತು. ತುಟಿಪಿಟಕ್ ಅನ್ನಬೇಡ ಅಂತ ನಮ್ಮಕ್ಕ ಬಾಗಿಲವರೆಗೂ ಬಂದು ಹೇಳಿ ಕಳಿಸಿದ್ದಾಳೆ.”

ಹಾಳೆ ಬಂತು. ಅವಳು ಸರದಿ ಬರೆಯುವ ತನ್ನ ದುಂಡು ಅಕ್ಷರದಲ್ಲಿ ಶುರುಮಾಡಿದಳು: ಬೆಳಿಗ್ಗೆ ಆರೂವರೆಗೆ ತಂದೆ ಬಂದು ಮಗಳ ಜಡೆ ಹೆಣೆಯುತ್ತಾರೆ.

“ನಾನು ಹೆಣೆದ್ರೆ ಶಾಲೆ ಗೇಟು ದಾಟೋದ್ರೊಳಗೆ ಬಿಚ್ಚಿಹೋಗತ್ತೆ ಮೇಡಂ. ಇವರದು ಸಂಜೆವರೆಗೂ ಅಲ್ಲಾಡಲ್ಲ.” ಶಾಲೆಗೆ ಬಿಡುವುದು, ಮೂರಕ್ಕೆ ಕರೆತರುವುದು, ಲೆಕ್ಕ, ಸ್ನಾನ, ಊಟ, ಏಳಕ್ಕೆ ತಾಯಿಗೆ ಒಪ್ಪಿಸುವುದು. “ಗುರುವಾರ ಈಜು.”

“ಈಜು ಮಂಗಳವಾರಕ್ಕೆ ಹೋಯ್ತಲ್ಲೇ.”

“ಯಾವಾಗ? ನಂಗ್ಯಾರೂ ಹೇಳಲೇ ಇಲ್ಲ!”

“ನೀನೇ ಬದಲಾಯಿಸಿದ್ದು ಮಾರಾಯ್ತಿ.”

ಅಧಿಕಾರಿ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡರು. ಅವನು ನಗಲಿಲ್ಲ.

“ಹೊದಿಕೆ ಅಷ್ಟೇ ಅಂದ್ಯಲ್ಲ, ಅದು ಸುಳ್ಳು,” ಅಂದ ಮೆಲ್ಲಗೆ. “ಮಗೂಗೆ ಕೆಮ್ಮು ಬಂದಾಗ ನೀನು ರಾತ್ರಿಯೆಲ್ಲ ಅವಳನ್ನ ಎದೆ ಮೇಲೆ ಹಾಕ್ಕೊಂಡು ಗೋಡೆಗೊರಗಿ ಕೂತಿರ್ತಿದ್ದೆ. ಬೆಳಗ್ಗೆ ಕೆಲಸದಿಂದ ಬಂದಾಗ ನಾನು ನೋಡಿಲ್ವಾ? ಅದನ್ನೂ ಬರಿ.”

ಅವಳ ಪೆನ್ನು ನಿಂತಿತು. “ನನ್ನ ವಿಷಯ ನಾನೇ ಹೇಗೆ ಬರೀಲಿ?”

ಅವನು ಪೆನ್ನು ಈಸಿಕೊಂಡು, ಕಾಗುಣಿತ ಸರಿಯೇ ಎಂದು ಅಧಿಕಾರಿಯನ್ನು ಎರಡು ಸಲ ಕೇಳಿ, ಬರೆದ: ರಾತ್ರಿ ಮಗಳನ್ನು ತಾಯಿ ನೋಡಿಕೊಂಡಂತೆ ನೋಡಿಕೊಳ್ಳಲು ನನ್ನಿಂದಾಗದು. ಕೆಳಗೆ ಇಬ್ಬರೂ ಸಹಿ ಹಾಕಿದರು. ‘ಭೇಟಿ’ಯ ಚೌಕವನ್ನು ಅಧಿಕಾರಿ ಖಾಲಿ ಬಿಟ್ಟರು. ಮೂರಕ್ಕೆ ಇನ್ನು ಕಾಲು ಗಂಟೆ ಇತ್ತು; ಅವನು ಶಾಲೆಯ ಕಡೆ ಓಡಿದ.

ಹಾಳೆ ಫಾರಮ್ಮಿನ ಹಿಂದೆ ಸೇರಿ ಕೋರ್ಟಿಗೆ ಹೋಗಿದೆ. ನ್ಯಾಯಾಧೀಶರು ಅದನ್ನು ಓದುತ್ತಾರೋ, ಕಾಲಂ ಇಲ್ಲದ್ದೆಂದು ಪಕ್ಕಕ್ಕಿಡುತ್ತಾರೋ, ಅವಳ ಕೈಗೆ ಬರುವ ಹಣ ಎಷ್ಟು ತಗ್ಗುತ್ತದೋ ತಿಳಿಯದು. ಅಧಿಕಾರಿಯನ್ನು ಕೇಳಿದರೆ, ತನಗೂ ಗೊತ್ತಿಲ್ಲ ಅಂದರು.