ಹೆಸರಿಲ್ಲದ ಪುಡಿ

ಬೆಳಗಿನ ಆರಕ್ಕೆ ಬಾಗಿಲು ಬಡಿದಾಗ ನಾಗಜ್ಯೋತಿ ಹಾಸಿಗೆಯಿಂದ ಎದ್ದು ಕುಳಿತಳು. ಡೋಪ್ ಟೆಸ್ಟ್‌ನವರೇ. ದೇಶದ ಪರವಾಗಿ ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕುವವಳು ದಿನಾ ಒಂದು ಗಂಟೆ ಪರೀಕ್ಷೆಗೆ ಎಲ್ಲಿ ಸಿಗುತ್ತಾಳೆಂದು ಅವರಿಗೆ ಮೊದಲೇ ತಿಳಿಸಿರಬೇಕು. ರಜೆಗೆ ಆಂಧ್ರದ ಗಡಿಯಲ್ಲಿರುವ ತನ್ನೂರು ಕೌತಾಳಂಗೆ ಬಂದವಳು ಈ ಮನೆಯ ವಿಳಾಸ ಕೊಟ್ಟಿದ್ದಳು.

ಕೊರಿಯಾದಲ್ಲಿ ಕಂಚು ಗೆದ್ದ ದಿನವೂ ಮೂತ್ರ ಕೊಟ್ಟಿದ್ದಳು, ಹೆದರಿರಲಿಲ್ಲ. ಆದರೆ ಈಗ ಮೂರು ದಿನದಿಂದ ಬೆನ್ನುನೋವಿಗೆ ಅವ್ವ ಆಲೂರಿನಿಂದ ತರಿಸಿದ ಪುಡಿ ನುಂಗುತ್ತಿದ್ದಳು. ಎರಡು ತಿಂಗಳ ನೋವು ಒಂದೇ ದಿನಕ್ಕೆ ಮಾಯವಾಗಿತ್ತು. ಬೇರಿನ ಪುಡಿಗೆ ಸ್ಟಿರಾಯ್ಡ್ ಬೆರೆಸಿ ಮಾರುವವರಿದ್ದಾರೆಂದು ಕೋಚ್ ಹೇಳಿದ್ದು ಹಿಂದಿನ ರಾತ್ರಿ ನೆನಪಾಗಿ, ಅವಳಿಗೆ ನಿದ್ದೆ ಹತ್ತಿರಲಿಲ್ಲ.

"ಅವ್ವಾ, ಆ ಪುಡಿ ಸಿಕ್ಕಿಬಿದ್ರ ನನ್ನ ಆಟ ಮುಗೀತು."

ಜಂಬಮ್ಮ ಮಗಳನ್ನು ಜೋಳದ ಚೀಲಗಳ ಹಿಂದಕ್ಕೆ ತಳ್ಳಿ ಬಾಗಿಲು ತೆರೆದಳು. ಬ್ಯಾಗು ಹಿಡಿದ ಹೆಂಗಸೊಬ್ಬಳು ನಾಗಜ್ಯೋತಿ ಇದ್ದಾಳೆಯೇ ಎಂದು ತೆಲುಗಿನಲ್ಲಿ ಕೇಳಿದ್ದಕ್ಕೆ, "ಲೇದು ಮೇಡಂ, ಆದೋನಿಕಿ ಪೋಯಿಂದಿ," ಎಂದು, ಮಗಳು ಆದೋನಿಗೆ ಹೋಗಿದ್ದಾಳೆಂದು ಸುಳ್ಳು ಹೇಳಿದಳು.

ಎದುರುಮನೆಯ ಮಾರೆಣ್ಣ ಕಟ್ಟೆಯಿಂದಲೇ ಕೂಗಿದ. "ಏನ್ ಜಂಬಕ್ಕಾ, ಪೊಲೀಸರೇನು? ನಿನ್ನ ಮಗಳು ದೋಣಿ ಕದ್ದಾಳೇನು?"

"ನಿನ್ನ ಬಾಯಿಗೆ ಮಣ್ಣು ಹಾಕ!"

ಚೀಲದ ಹಿಂದೆ ನಾಗಜ್ಯೋತಿ ಲೆಕ್ಕ ಹಾಕಿದಳು. ಕ್ಯಾಂಪು ಬದಲಾದದ್ದನ್ನು ತಿಳಿಸಲು ಮರೆತು ಈಗಾಗಲೇ ಎರಡು ಸಲ ಪರೀಕ್ಷೆ ತಪ್ಪಿತ್ತು. ವರ್ಷದೊಳಗೆ ಮೂರನೆಯದೂ ತಪ್ಪಿದರೆ ನಿಷೇಧ. ಹೊರಗೆ ಹೋದರೆ ಮೂತ್ರದಲ್ಲಿ ಏನು ಸಿಗುವುದೋ. ಆ ಹೆಂಗಸು ಗಡಿಯಾರ ನೋಡಿಕೊಂಡು ಏನೋ ಬರೆದುಕೊಳ್ಳತೊಡಗಿದಳು.

"ಇಲ್ಲೇ ಅದೀನ್ರಿ ಮೇಡಂ," ಎಂದು ನಾಗಜ್ಯೋತಿ ಹೊರಗೆ ಬಂದಳು.

ಜಂಬಮ್ಮ ಹಣೆ ಚಚ್ಚಿಕೊಂಡಳು. "ಹುಚ್ಚಿ! ನಾನು ಆಕೀನ್ನ ವಾಪಸ್ ಕಳಿಸ್ತಿದ್ನಲ್ಲೇ!"

ಹೆಂಗಸು ಕೊಟ್ಟ ಫಾರಂನಲ್ಲಿ ಹಿಂದಿನ ಏಳು ದಿನದಲ್ಲಿ ತೆಗೆದುಕೊಂಡ ಔಷಧಿಗಳನ್ನು ಬರೆಯುವ ಜಾಗವಿತ್ತು. 'ಬೆನ್ನುನೋವಿನ ನಾಟಿ ಪುಡಿ, ಹೆಸರಿಲ್ಲ' ಎಂದು ಬರೆದಳು.

"ಬರದ್ರ ಉಳೀತೀನೇನ್ರಿ?"

ಹೆಂಗಸು ಅಚ್ಚ ಕನ್ನಡದಲ್ಲೇ ಉತ್ತರಿಸಿದಳು. "ನಂಗೊತ್ತಿಲ್ಲಮ್ಮ. ಅದನ್ನ ಹೇಳೋರು ಬ್ಯಾರೆ ಅದಾರ."

ಬಚ್ಚಲಲ್ಲಿ ಆಕೆ ಎದುರಿಗೇ ನಿಂತಿದ್ದಳು. ಭಯಕ್ಕೆ ಮುಕ್ಕಾಲು ಗಂಟೆ ಒಂದು ಹನಿಯೂ ಬರಲಿಲ್ಲ. ಬಂದದ್ದನ್ನು ಎರಡು ಬಾಟಲಿಗಳಿಗೆ ನಾಗಜ್ಯೋತಿಯೇ ಸುರಿಯಬೇಕಿತ್ತು, ಮುಚ್ಚಳವನ್ನೂ ಅವಳೇ ತಿರುಗಿಸಬೇಕಿತ್ತು. ಒಮ್ಮೆ ಬಿಗಿದರೆ ಅದು ತೆರೆಯುವುದು ಲ್ಯಾಬಿನಲ್ಲೇ.

ಅವಳ ಬೆರಳು ನಿಂತವು.

"ಇನ್ನೂ ತಿರುಗಿಸು," ಎಂದಳು ಹೆಂಗಸು.

ಮುಚ್ಚಳ ಟಿಕ್ ಎಂದಿತು. ನಾಗಜ್ಯೋತಿ ಅದು ಇನ್ನು ತಿರುಗದೆಂಬಷ್ಟು ತಿರುಗಿಸಿದಳು.