ಬಲಕ್ಕೆ ತಿರುಗಬೇಕಿದ್ದ ದಾರಿ

ಮಟ್ಟಾಂಚೇರಿಯ ಹಳೆಯ ಮೆಣಸಿನ ಗೋದಾಮೊಂದರಲ್ಲಿ ಅಶ್ರಫ್ ಕಾರ್ಪೆಟ್ ಮಾಡುತ್ತಿದ್ದ. ಊರು ಮಂಜೇಶ್ವರ. ಗಿರಾಕಿ ಕನ್ನಡ ಮಾತಾಡಿದರೆ ಅವನಿಗೆ ಚಹಾ ತರಿಸದೆ ಇರಲು ಆಗುತ್ತಿರಲಿಲ್ಲ. ೨೦೦೬ರ ಜನವರಿಯಲ್ಲಿ ತಿರುವನಂತಪುರದ ಬಾಹ್ಯಾಕಾಶ ಕೇಂದ್ರದ ವಿಜ್ಞಾನಿ ಉಪೇಂದ್ರ ಬಂದಾಗ ಎರಡು ಸಲ ಚಹಾ ಬಂತು.

"ನನ್ನ ಅಮ್ಮನಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ," ಎಂದು ಉಪೇಂದ್ರ ಒಂದು ನಕ್ಷೆ ಬಿಡಿಸಿಟ್ಟರು. "ಅವರ ಕೋಣೆಯ ಬಾಗಿಲಿನಿಂದ ಹಾಲ್‌ನಲ್ಲಿ ನಾಲ್ಕು ಹೆಜ್ಜೆ ನೇರ, ಆಮೇಲೆ ಬಲಕ್ಕೆ ಮೂರು. ಅಲ್ಲಿ ದೇವರ ಕೋಣೆ. ಯಾರಾದರೂ ಕೈ ಹಿಡಿದರೆ ಅವರಿಗೆ ಸಿಟ್ಟು ಬರ್ತದೆ. ದಾರಿ ಕಾಲಿಗೇ ಗೊತ್ತಾಗಬೇಕು."

ಹೂವು, ಬಳ್ಳಿ, ನವಿಲು ಎಂದು ಕೇಳುವವರ ನಡುವೆ ಈ ಬೇಡಿಕೆ ಅಶ್ರಫ್‌ನಿಗೆ ಹಬ್ಬದಂತೆ ಕಂಡಿತು. ಉಣ್ಣೆ, ಹತ್ತಿ, ತೆಂಗಿನ ನಾರು ಎಲ್ಲದರ ತುಂಡುಗಳ ಮೇಲೂ ಕಣ್ಣು ಮುಚ್ಚಿಕೊಂಡು ಬರಿಗಾಲಲ್ಲಿ ನಡೆದು ನೋಡಿದ. ನಾರು ಚುಚ್ಚಿತು. ಹತ್ತಿ ಎರಡೇ ದಿನಕ್ಕೆ ಚಪ್ಪಟೆಯಾಯಿತು. ಕೊನೆಗೆ ಪೂರ್ತಿ ಉಣ್ಣೆಯಲ್ಲೇ ಮಾಡುವುದೆಂದು ನಿಶ್ಚಯಿಸಿದ. ಸುತ್ತಲೂ ಎಳೆ ಕತ್ತರಿಸಿದ ಮೆತ್ತನೆಯ ಹಾಸು, ದಾರಿಯ ಮೇಲೆ ಮಾತ್ರ ಕತ್ತರಿಸದೆ ಬಿಟ್ಟ ಗಟ್ಟಿ ಕುಣಿಕೆಗಳ ಸಾಲು.

ಮರದ ಚೌಕಟ್ಟಿಗೆ ಬಟ್ಟೆಯನ್ನು ಡೋಲಿನ ಚರ್ಮದ ಹಾಗೆ ಎಳೆದು ಕಟ್ಟಿ, ಹಿಂಬದಿಯಲ್ಲಿ ನಕ್ಷೆ ಬರೆದು, ಸೂಜಿಯ ಗನ್ನಿನಿಂದ ಉಣ್ಣೆಯ ಎಳೆಗಳನ್ನು ಬಟ್ಟೆಯ ಆಚೆ ಬದಿಗೆ ಹೊಡೆಯುತ್ತಾ ಹೋದ. ಆಮೇಲೆ ಹಿಂಬದಿಗೆ ರಬ್ಬರ್ ಹಾಲಿನ ಅಂಟು, ಅದರ ಮೇಲೊಂದು ಬಟ್ಟೆ, ಅಂಚಿಗೆ ಕೈಹೊಲಿಗೆ. ಒಂದು ತಿಂಗಳಾಯಿತು.

ಎರ್ನಾಕುಲಂನಿಂದ ಬೆಳಗಿನ ರೈಲು ಹಿಡಿದು ಸುರುಳಿಯನ್ನು ತಾನೇ ಹೊತ್ತು ತಿರುವನಂತಪುರದಲ್ಲಿ ಉಪೇಂದ್ರರ ಮನೆಗೆ ತಂದ. ಹಾಲ್‌ನಲ್ಲಿ ಬಿಡಿಸಿದ್ದೇ ತಡ, ತಪ್ಪು ಕಣ್ಣಿಗೆ ಬಿತ್ತು. ದಾರಿ ಎಡಕ್ಕೆ ತಿರುಗಿತ್ತು.

ಹಿಂಬದಿಯಲ್ಲಿ ಬರೆಯುವಾಗ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಬರೆಯಬೇಕು. ಕಲಿಯುವವರಿಗೆ ಮೊದಲ ದಿನ ಹೇಳುವ ಪಾಠ ಅದು. ಆದರೆ ಇಷ್ಟು ವರ್ಷ ಅವನು ಮಾಡಿದ್ದೆಲ್ಲ ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ನಡೆಯುವ ಹೂವು, ಬಳ್ಳಿ, ನವಿಲುಗಳೇ. ಮಗುಚುವ ಅಭ್ಯಾಸವೇ ತಪ್ಪಿಹೋಗಿತ್ತು.

"ಸರ್, ತಪ್ಪಾಯ್ತು. ಇದನ್ನು ವಾಪಸ್ ತಕೊಂಡು ಹೋಗ್ತೇನೆ. ಹೊಸದು ಮಾಡಿ ಕೊಡ್ತೇನೆ," ಎನ್ನುತ್ತಾ ಅವನು ಒಂದು ಅಂಚಿಗೆ ಕೈ ಹಾಕಿದ.

"ಎಂತ ಆಯ್ತು?" ಎನ್ನುತ್ತಾ ಉಪೇಂದ್ರರ ತಾಯಿ ರಾಜೀವಿಯಮ್ಮ ಕೋಣೆಯಿಂದ ಹೊರಬಂದರು. ಯಾರೂ ಉತ್ತರಿಸುವ ಮೊದಲೇ ಅವರ ಪಾದ ಕುಣಿಕೆಗಳನ್ನು ಕಂಡುಕೊಂಡಿತ್ತು. ಒಂದು, ಎರಡು, ಮೂರು, ನಾಲ್ಕು. ಹೆಬ್ಬೆರಳು ಬಲಕ್ಕೆ ತಡಕಿತು, ಅಲ್ಲಿ ಮೆತ್ತಗಿತ್ತು. ಎಡಕ್ಕೆ ಸರಿಯಿತು. ಮತ್ತೆ ಮೂರು ಹೆಜ್ಜೆ. ಚಾಚಿದ ಕೈಗೆ ಅಡುಗೆಮನೆಯ ಬಾಗಿಲ ಚೌಕಟ್ಟು ತಾಗಿತು.

ಅವರು ಅಲ್ಲೇ ನಿಂತು ಉಸಿರೆಳೆದುಕೊಂಡರು. ಒಳಗೆ ಸೊಸೆ ಕಮಲ ಒಗ್ಗರಣೆಗೆ ಸಾಸಿವೆ ಹಾಕಿದ್ದಳು.

"ಅಯ್ಯೋ ಅತ್ತೆ, ಇಲ್ಲಿ ಬರ್ಬೇಡಿ, ಬೆಂಕಿ ಉಂಟು!" ಎಂದು ಕಮಲ ಓಡಿಬಂದಳು.

"ಎರಡು ವರ್ಷದಿಂದ ಇದನ್ನೇ ಹೇಳ್ತಿದ್ದೀಯ ಮಾರಾಯ್ತಿ. ಬೆಂಕಿ ನಿನಗಿರಲಿ, ತೆಂಗಿನಕಾಯಿ ನನಗೆ ಕೊಡು."

"ಅಮ್ಮ, ಇದು ದೇವರ ಕೋಣೆಗೆ ಹೋಗಬೇಕಿತ್ತು," ಎಂದರು ಉಪೇಂದ್ರ.

"ಕೂತಲ್ಲೇ ಕೈ ಮುಗಿದರೂ ದೇವರಿಗೆ ಮುಟ್ಟುತ್ತದೆ. ಕೂತಲ್ಲೇ ಕಾಯಿ ತುರಿಯಲಿಕ್ಕೆ ಆಗ್ತದಾ? ಇದನ್ನು ವಾಪಸ್ ಕಳಿಸಿದರೆ ನಾನೂ ಇವನ ಜೊತೆ ರೈಲು ಹತ್ತುತ್ತೇನೆ."

ಕಮಲಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಒಲೆ ಆರಿಸಿ, ತುರಿಮಣೆ ಇಳಿಸಿ, ಅತ್ತೆಯ ಕೈಯನ್ನು ಅದರ ಹಲ್ಲಿನ ಹತ್ತಿರಕ್ಕೆ ತಂದು ತೋರಿಸಿದಳು. ರಾಜೀವಿಯಮ್ಮ ಸೊಸೆಯ ಕೈಯನ್ನು ಸರಿಸಿದರು. ಕಾಯಿ ಸರಸರನೆ ತಿರುಗತೊಡಗಿತು, ಬಿಳಿಯ ತುರಿ ತಟ್ಟೆಗೆ ಉದುರಿತು. ಉಪೇಂದ್ರ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ಊಟ ಮಾಡದೆ ಅಶ್ರಫ್‌ನನ್ನು ರಾಜೀವಿಯಮ್ಮ ಬಿಡಲಿಲ್ಲ. ಆ ತುರಿಯಿಂದಲೇ ರುಬ್ಬಿದ ಚಟ್ನಿಗೆ ಉಪ್ಪು ತುಸು ಹೆಚ್ಚಾಗಿತ್ತು. ಅವನು ಎರಡು ಸಲ ಹಾಕಿಸಿಕೊಂಡ.

"ಇನ್ನು ದೇವರ ಕೋಣೆಗೆ ಒಂದು ಸಣ್ಣ ಪಟ್ಟಿ ಸೇರಿಸುವಾ ಅಮ್ಮ," ಎಂದು ಕೈ ತೊಳೆದು ಟೇಪು ತೆಗೆದ. "ಅದರ ಕುಣಿಕೆ ಬೇರೆ ನಮೂನೆ ಮಾಡ್ತೇನೆ, ಎರಡೂ ದಾರಿ ಕಲಸಿಹೋಗಬಾರದಲ್ಲ."

"ಮಾಡು ಮಗಾ. ಅವಸರ ಎಂತ ಇಲ್ಲ," ಎಂದರು ರಾಜೀವಿಯಮ್ಮ. "ಕಮಲಾ, ನಾಳೆ ನನಗೆ ಹೆಚ್ಚಲಿಕ್ಕೆ ಬೀನ್ಸ್ ಉಂಟಾ?"